ಅಪ್‌ಡೇಟ್: ಆನ್‌ಕಾಲ್ ಸುಸ್ತು, ಕೊನೆಗೂ ಸ್ವಲ್ಪ ಇಳಿಯಿತು

ತಿಂಗಳ ಹಿಂದೆ ಕೇಳಿದ್ದೆ, ಆನ್‌ಕಾಲ್ ಸರದಿ (ಸಿಸ್ಟಮ್ ಕೈಕೊಟ್ಟರೆ ಯಾವ ಹೊತ್ತಿನಲ್ಲಾದರೂ ಎದ್ದು ನೋಡಬೇಕಾದ ಪಾಳಿ) ಇಲ್ಲದ ರಾತ್ರಿಯೂ ಎರಡು ಗಂಟೆಗೆ ಎಚ್ಚರವಾಗುತ್ತದೆ, ಲ್ಯಾಪ್‌ಟಾಪ್ ತೆರೆದರೆ ಹೊಟ್ಟೆ ಕಿವುಚುತ್ತದೆ, ಏನು ಮಾಡಲಿ ಅಂತ.

ಧ್ಯಾನದ ಆಪ್ ನನಗೆ ಆಗಲಿಲ್ಲ. ಅದರ ನೋಟಿಫಿಕೇಶನ್ ಬಂದರೂ ಎದೆ ಧಸಕ್ ಅನ್ನುತ್ತಿತ್ತು! ನಾಲ್ಕು ದಿನ ರಜೆ ಹಾಕಿದ್ದೂ ಅಷ್ಟಕ್ಕಷ್ಟೆ, ವಾಪಸ್ ಬಂದ ಮರುದಿನವೇ ಮತ್ತೆ ಅದೇ ಕಥೆ.

ಕೆಲಸಕ್ಕೆ ಬಂದದ್ದು "ಅಲರ್ಟ್‌ಗಳನ್ನು ಎಣಿಸಿ ಮ್ಯಾನೇಜರ್‌ಗೆ ತೋರಿಸಿ" ಎಂಬ ಸಲಹೆ. ಸುಮ್ನೆ ಒಂದು ಶೀಟ್‌ನಲ್ಲಿ ಬರೆದಿಟ್ಟೆ. ಹತ್ತು ದಿನದಲ್ಲಿ ಫೋನ್ 41 ಸಲ ಕೂಗಿತ್ತು, ನಾನು ನಿಜವಾಗಿ ಕೈ ಹಾಕಬೇಕಾಗಿ ಬಂದದ್ದು 6 ಸಲ. ಉಳಿದದ್ದೆಲ್ಲ ಸರ್ವರ್ ಡಿಸ್ಕ್ 80%ಗಿಂತ ಹೆಚ್ಚು ತುಂಬಿತು, ಐದು ನಿಮಿಷಕ್ಕೆ ತಾನಾಗೇ ಇಳಿಯಿತು ಅನ್ನೋ ಜಾತಿ. ಶೀಟ್ ನೋಡಿದ ಮೇಲೆ ಅವರೂ ವಾದ ಮಾಡಲಿಲ್ಲ. ಅಂಥವನ್ನು ಫೋನ್ ಕೂಗದೆ ಬೆಳಗ್ಗೆ ನೋಡುವ ಟಿಕೆಟ್‌ಗೆ (ಕೆಲಸದ ಪಟ್ಟಿಗೆ) ತಿರುಗಿಸಿದೆವು, ಸರದಿಗೆ ಇನ್ನಿಬ್ಬರು ಸೇರಿದರು.

ಡಾಕ್ಟರ್ ಹತ್ತಿರ ಹೋಗಿ ಎಂದವರಿಗೂ ಥ್ಯಾಂಕ್ಸ್. ಅಲ್ಲಿ ಗೊತ್ತಾದದ್ದು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತನ್ನ ಕಾಯಿಲೆಗಳ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಪೂರ್ತಿ ಸೋತುಹೋಗುವುದು) ಅನ್ನು ಕಾಯಿಲೆ ಅಂತಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸೇರಿಸಿದೆಯಂತೆ. ಅಂದರೆ ರಿಪೇರಿ ಆಗಬೇಕಾದ್ದು ನಾನೊಬ್ಬನೇ ಅಲ್ಲ, ಅಲ್ವಾ?

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮೊನ್ನೆ ಮಾತ್ರ ಆರೂವರೆವರೆಗೆ ಎಚ್ಚರವೇ ಆಗಲಿಲ್ಲ. ಎದ್ದವನೇ ಫೋನ್ ಕೆಟ್ಟಿದೆಯಾ ಅಂತ ನೋಡಿದೆ.