ಅಪ್‌ಡೇಟ್: ಗಂಟೆಗಟ್ಟಲೆ ಕಾಡುತ್ತಿದ್ದ ಗಾಬರಿ
ಅಪ್ಪನ ಆಪರೇಷನ್, ಕಚೇರಿಯ ಆಡಿಟ್ ಒಟ್ಟಿಗೆ ಬಂದಾಗಿನಿಂದ ಗಂಟೆಗಟ್ಟಲೆ ಎದೆ ಡವಗುಟ್ಟುತ್ತದೆ, ಇದು ಪ್ಯಾನಿಕ್ ಅಟ್ಯಾಕೇ ಎಂದು ಕೇಳಿದ್ದೆ. ಹೌದಂತೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಾಗಿವೆ.

ಮನೋವೈದ್ಯರು ಬಿಡಿಸಿ ಹೇಳಿದರು: ಗಾಬರಿ ಸಾಮಾನ್ಯವಾಗಿ 10 ನಿಮಿಷದೊಳಗೆ ತಾರಕಕ್ಕೇರಿ ಇಳಿಯತೊಡಗುತ್ತದೆ, ಅಷ್ಟರಲ್ಲಿ ‘ಮತ್ತೆ ಬಂದರೆ?’ ಎಂಬ ಭಯವೇ ಮುಂದಿನದನ್ನು ಎಬ್ಬಿಸುತ್ತದೆ. ಹೀಗಾಗಿ ಅದು ಮುಗಿಯುವುದೇ ಇಲ್ಲ ಎನಿಸುತ್ತದೆ. ಈ ಒಂದು ಮಾತಿನಿಂದ ನನಗೆ ಅರ್ಧ ಜೀವ ಬಂತು.

ಈಗ ಬೆರಳ ತುದಿ ಜುಮ್ಮೆಂದರೆ, ಉಸಿರಾಟ ವೇಗವಾಗಿದೆ ಎಂದು ತಿಳಿಯುತ್ತದೆ. ಅಂಗಾಲನ್ನು ನೆಲಕ್ಕೆ ಊರಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುತ್ತೇನೆ. ಮತ್ತೆ ಮತ್ತೆ ನಾಡಿ ಹಿಡಿದು ನೋಡುವುದಿಲ್ಲ. ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ನಡೆಯುತ್ತಿದೆ.

ರಾತ್ರಿ ಒಬ್ಬರೇ ಒದ್ದಾಡುವವರು ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮೊದಲ ಸಲ ಎದೆನೋವು ಬಂದವರು ಮಾತ್ರ ನೇರ ಆಸ್ಪತ್ರೆಗೇ ಹೋಗಿ.