99ಕ್ಕೆ ನಿಂತ ಹ್ಯಾಕರ್

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ನಮ್ಮ ಕಾಲು ತಾನಾಗಿಯೇ ಬಸಣ್ಣನ ಗಿರ್ಮಿಟ್ ಅಂಗಡಿಗೆ ತಿರುಗುತ್ತದೆ. ಅಂಗಡಿ ಅಂದರೆ ಎರಡು ಬೆಂಚು, ಒಂದು ಬಾಣಲೆ, ಗೋಡೆಗೆ ಒಂದು ಟಿವಿ. ಬಾಣಲೆ ಬಸಣ್ಣನ ಕೈಯಲ್ಲಿ, ರಿಮೋಟ್ ಅವನ ಹೆಂಡತಿಯ ಕೈಯಲ್ಲಿ. ಹೀಗಾಗಿ ಸಂಜೆ ಏಳೂವರೆಗೆ ಅಲ್ಲಿ ಕೂತವರು ಧಾರಾವಾಹಿ ನೋಡಲೇಬೇಕು. ಗಿರ್ಮಿಟ್ ಜೊತೆ ಹಸಿಮೆಣಸಿನಕಾಯಿ ಕೇಳದೆ ಬರುತ್ತದಲ್ಲ, ಹಾಗೆ.

ಆವತ್ತು ನಾವು ನಾಲ್ಕು ಜನ. ಟೆಲಿಫೋನ್ ಇಲಾಖೆಯಲ್ಲಿ ಸವೆದು ನಿವೃತ್ತನಾದ ನಾನು, ಕಂಪ್ಯೂಟರ್ ರಿಪೇರಿ ಅಂಗಡಿಯ ಮಲ್ಲ್ಯಾ, ನಮ್ಮ ಓಣಿಯ ವಕೀಲರು, ಮತ್ತೆ ಶಾಂತಕ್ಕ. ಶಾಂತಕ್ಕ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಮಕ್ಕಳಿಗೆ ಮಿರ್ಚಿ ಪಾರ್ಸಲ್ ಒಯ್ಯಲು ಬರುತ್ತಾಳೆ. ಪಾರ್ಸಲ್ ಐದು ನಿಮಿಷಕ್ಕೆ ಸಿದ್ಧವಾಗುತ್ತದೆ, ಶಾಂತಕ್ಕ ಅರ್ಧ ಗಂಟೆ ಕೂರುತ್ತಾಳೆ.

ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಆಸ್ತಿ ಪೂರಾ ನುಂಗಿ ಕೂತಿದ್ದಳು. ಅದನ್ನು ವಾಪಸ್ ತರಲು ಮೈದುನ ಬಂದ. ನಿನ್ನೆಯವರೆಗೆ ಮನೆಯಲ್ಲಿ ಸುಮ್ನೆ ಪೇಪರ್ ಓದುತ್ತಿದ್ದ ಹುಡುಗ. ಇವತ್ತು ದೀಪ ಆರಿಸಿ, ತಲೆಗೆ ಕರಿ ಟೊಪ್ಪಿಗೆ ಎಳೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ. ಟಕಟಕ ಅಂತ ಶುರು ಮಾಡಿದ. ಪರದೆ ಮೇಲೆ ಹಸಿರು ಅಕ್ಷರಗಳು ಮಿರಗಿನ ಮಳೆ ಹಾಗೆ ಸುರಿದವು. ಒಂದೊಂದು ಅಕ್ಷರಕ್ಕೂ ಟಿಣ್ ಟಿಣ್ ಅಂತ ಸಪ್ಪಳ.

ಮಲ್ಲ್ಯಾನಿಗೆ ಮಿರ್ಚಿ ನೆತ್ತಿಗೆ ಹತ್ತಿತು. ಶಾಂತಕ್ಕ ಬೆನ್ನು ತಟ್ಟಿದಳು.

“ಸ್ಪೇಸ್ ಬಾರ್ ಒಮ್ಮೆಯೂ ಒತ್ತಲಿಲ್ಲ ನೋಡ್ರಿ ಕಾಕಾ,” ಅಂದ ಕಣ್ಣೀರು ಒರೆಸಿಕೊಳ್ಳುತ್ತಾ. “ಇಷ್ಟು ಹೊತ್ತು ಬರೆದದ್ದು ಒಂದೇ ಶಬ್ದ! ಮೌಸ್ ಅಂತೂ ಇಲ್ಲವೇ ಇಲ್ಲ. ಮತ್ತೆ ಆ ಟಿಣ್ ಟಿಣ್! ನನ್ನ ಅಂಗಡಿಯಲ್ಲಿ ಯಾವುದಾದರೂ ಕಂಪ್ಯೂಟರ್ ಹೀಗೆ ಒದರಿದರೆ ರ‍್ಯಾಮ್ ಹೋಗಿದೆ ಅಂತ ಲೆಕ್ಕ.”

“ಸುಮ್ನೆ ಕೂಡೋ, ಪಾಸ್‌ವರ್ಡ್ ಸಿಗಾಕತ್ತೈತಿ,” ಅಂದಳು ಬಸಣ್ಣನ ಹೆಂಡತಿ.

ಖರೇ, ಸಿಗುತ್ತಿತ್ತು. ನಾಲ್ಕು ಖಾಲಿ ಮನೆಗಳು. ಮೊದಲನೆಯದರಲ್ಲಿ ಅಂಕಿಗಳು ಗಿರಗಿರ ತಿರುಗಿ 7ಕ್ಕೆ ನಿಂತವು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಮಲ್ಲ್ಯಾ ಪ್ಲೇಟು ಕೆಳಗಿಟ್ಟ. ಅವನು ಪ್ಲೇಟು ಕೆಳಗಿಟ್ಟನೆಂದರೆ ಪಾಠ ಶುರು.

“ಯಾವ ಬೀಗವಾದರೂ ‘ನಿನ್ನ ಮೊದಲನೇ ಅಂಕಿ ಸರಿ ಇದೆ, ಮುಂದೆ ಹೋಗು’ ಅಂತ ಕಳ್ಳನಿಗೆ ಹೇಳುತ್ತದೇನ್ರಿ? ನಾಲ್ಕೂ ಸರಿ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲಿ ತಪ್ಪಿತು ಅಂತ ಬಾಯಿ ಬಿಡುವುದಿಲ್ಲ. ನಾಲ್ಕು ಅಂಕಿಯ ಪಿನ್ ಅಂದರೆ 10,000 ನಮೂನೆ. ಇವನ ಹಾಗೆ ಒಂದೊಂದೇ ಅಂಕಿ ಹಿಡಿಯಲು ಬಿಟ್ಟರೆ 40 ಸಲಕ್ಕೆ ಮುಗಿದೇ ಹೋಯಿತು. ಹಂಗೆ ಇದ್ದಿದ್ದರೆ ನಮ್ಮ ದುಡ್ಡು ಬ್ಯಾಂಕಿನಲ್ಲಿ ಒಂದು ರಾತ್ರಿಯೂ ಇರುತ್ತಿರಲಿಲ್ಲ.”

ನನಗೆ ನನ್ನದೇ ಕಥೆ ನೆನಪಾಯಿತು. ಪೆನ್ಷನ್ ಬಂದ ಮೊದಲ ತಿಂಗಳು ಎಟಿಎಂನಲ್ಲಿ ನನ್ನ ಸ್ವಂತ ಪಿನ್ ಮೂರು ಸಲ ತಪ್ಪು ಒತ್ತಿದ್ದೆ. ಕಾರ್ಡ್ ಬ್ಲಾಕ್ ಆಯಿತು. ನನ್ನ ದುಡ್ಡಿಗೆ ನಾನೇ ಅರ್ಜಿ ಬರೆದುಕೊಡಬೇಕಾಯಿತು. ಇದನ್ನು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ವಕೀಲರು ನುಗ್ಗಿದರು.

“ಪಾಸ್‌ವರ್ಡ್ ಬಿಡಪಾ, ಮುಂದೆ ನೋಡು. ಆಸ್ತಿ ಸೊಸೆ ಹೆಸರಿಗೆ ಆಗೇ ಬಿಟ್ಟಿತು! ಒಂದು ಬಟನ್ನಿಗೆ! ಖರೀದಿ ಪತ್ರ ಇಲ್ಲ, ಸಾಕ್ಷಿ ಇಲ್ಲ, ಹೆಬ್ಬೆಟ್ಟು ಇಲ್ಲ, ಫೋಟೊ ಇಲ್ಲ. ನಾನು ಒಬ್ಬ ಕಕ್ಷಿದಾರನ ಒಂದು ನೋಂದಣಿಗೆ ಮೂರು ದಿನ ಅಲೆದಿದ್ದೇನೆ. ಹೋದಾಗಲೆಲ್ಲ ಸರ್ವರ್ ಡೌನ್. ಈ ಹ್ಯಾಕರ್ ಒಬ್ಬನಿಗೆ ಮಾತ್ರ ಯಾವತ್ತೂ ಸರ್ವರ್ ಡೌನ್ ಇರುವುದಿಲ್ಲವಲ್ಲ, ಅವನ ನಂಬರ್ ಕೊಡಿಸು.”

ಹೀಗೆ ನಗುತ್ತಿರುವಾಗ ಟಿವಿಯಲ್ಲಿ ಮಾವನಿಗೆ ಹೃದಯಾಘಾತ. ಆಸ್ಪತ್ರೆ. ಮಾನಿಟರಿನಲ್ಲಿ ಗೆರೆ ಮೇಲೆ ಕೆಳಗೆ ಹಾರುತ್ತಾ ಇದ್ದದ್ದು ಸಪಾಟಾಯಿತು. ಡಾಕ್ಟರು ಎರಡು ಇಸ್ತ್ರಿಪೆಟ್ಟಿಗೆಯಂಥವನ್ನು ಒಂದಕ್ಕೊಂದು ತಿಕ್ಕಿ ಎದೆಗೆ ಹಚ್ಚಿದರು. ಮಾವ ಒಂದು ಮೊಳ ಮೇಲೆ ಹಾರಿ ಬಿದ್ದ. ಮಲ್ಲ್ಯಾ, ವಕೀಲರು ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದರು. ಶಾಂತಕ್ಕ ಮಾತ್ರ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

“ಗೆರೆ ಸಪಾಟಾದ ಮೇಲೆ ಶಾಕ್ ಕೊಡುವುದಿಲ್ರಿ,” ಅಂದಳು. “ಅಡ್ಡಾದಿಡ್ಡಿ ಬಡಿದುಕೊಳ್ಳುವ ಹೃದಯವನ್ನು ದಾರಿಗೆ ತರಲು ಶಾಕ್. ಪೂರಾ ನಿಂತದ್ದಕ್ಕೆ ಎದೆ ಒತ್ತಬೇಕು, ಇಂಜೆಕ್ಷನ್ ಕೊಡಬೇಕು. ಒತ್ತಿ ಒತ್ತಿ ನಮ್ಮ ರಟ್ಟೆ ಬಿದ್ದು ಹೋಗುತ್ತದೆ. ಅದನ್ನು ಯಾರು ತೋರಿಸುತ್ತಾರೆ?”

ಮಲ್ಲ್ಯಾ ದಂಗಾದ. “ಹೌದೇನಕ್ಕಾ? ನಾನು ಇಷ್ಟು ದಿನ ಅದು ಖರೇ ಅಂತ ತಿಳಿದಿದ್ದೆ!”

ಇಲ್ಲೇ ನನಗೊಂದು ಮಜಾ ಹೊಳೆಯಿತು. ಕಂಪ್ಯೂಟರ್ ಬಂದಾಗ ಮಲ್ಲ್ಯಾ ನಗುತ್ತಾನೆ, ಉಳಿದವರು ನಂಬುತ್ತಾರೆ. ಆಸ್ಪತ್ರೆ ಬಂದಾಗ ಶಾಂತಕ್ಕ ನಗುತ್ತಾಳೆ, ಮಲ್ಲ್ಯಾ ನಂಬುತ್ತಾನೆ. ಕೋರ್ಟ್ ಬಂದಾಗ ವಕೀಲರಿಗೆ ಮೈಯೆಲ್ಲಾ ಉರಿ. “ನಮ್ಮ ಕೋರ್ಟುಗಳಲ್ಲಿ ಕಟ್ಟಿಗೆ ಸುತ್ತಿಗೆಯೇ ಇಲ್ಲ ಮಾರಾಯ್ರೆ, ‘ಆರ್ಡರ್ ಆರ್ಡರ್’ ಅಂತ ಯಾವ ಜಡ್ಜ್ ಸಾಹೇಬರೂ ಕುಟ್ಟುವುದಿಲ್ಲ. ಭಗವದ್ಗೀತೆ ಮುಟ್ಟಿಸುವುದೂ ಇಲ್ಲ” ಅಂತ ಅವರು ಹೇಳುವುದು ನೂರನೇ ಸಲ ಇರಬೇಕು. ಅದೇ ವಕೀಲರು ಹೋದ ತಿಂಗಳು ನನ್ನನ್ನು ಕೇಳಿದ್ದರು: “ಕಳ್ಳನ ಫೋನ್ ಹಿಡಿಯಬೇಕಾದರೆ ಒಂದು ನಿಮಿಷ ಮಾತಾಡಿಸುತ್ತಾ ಇರಬೇಕಂತಲ್ಲ, ಖರೇ ಏನ್ರಿ?”

ಇದು ನನ್ನ ಪಾಲಿನ ಉರಿ. “ಇನ್ನೊಂದು ಇಪ್ಪತ್ತು ಸೆಕೆಂಡ್ ಮಾತಾಡಿಸಿ ಮೇಡಂ” ಅಂತ ಇನ್ಸ್‌ಪೆಕ್ಟರ್ ಕೈ ಸನ್ನೆ ಮಾಡುತ್ತಾನೆ, ಕಳ್ಳ ಹತ್ತೊಂಬತ್ತಕ್ಕೆ ಇಡುತ್ತಾನೆ. ಅದು ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಹಳೇ ಸ್ಟ್ರೌಜರ್ ಎಕ್ಸ್‌ಚೇಂಜ್ ಇತ್ತು. ಆಳೆತ್ತರದ ರ‍್ಯಾಕುಗಳು, ಒಂದೊಂದು ಅಂಕಿಗೂ ಖಟಖಟ ಅಂತ ಮೇಲೇರಿ ತಿರುಗುವ ಸ್ವಿಚ್ಚುಗಳು. ಯಾರು ಫೋನ್ ಮಾಡಿದ್ದಾರೆಂದು ಹಿಡಿಯಲು ನಾವು ಒಂದು ಸ್ವಿಚ್ಚಿನಿಂದ ಅದರ ಹಿಂದಿನದಕ್ಕೆ, ಅದರಿಂದ ಅದರ ಹಿಂದಿನದಕ್ಕೆ ಓಡಬೇಕಿತ್ತು. ನಡುವೆ ಫೋನ್ ಇಟ್ಟರೆ ಸ್ವಿಚ್ಚುಗಳೆಲ್ಲ ಧಡ್ ಅಂತ ಬಿದ್ದು ಜಾಡು ಅಳಿಸಿ ಹೋಗುತ್ತಿತ್ತು. ಆವಾಗ ಒಂದು ನಿಮಿಷವೂ ಸಾಲುತ್ತಿರಲಿಲ್ಲ. ಡಿಜಿಟಲ್ ಎಕ್ಸ್‌ಚೇಂಜ್ ಬಂದ ಮೇಲೆ ಗಂಟೆ ಬಾರಿಸುವ ಮೊದಲೇ ಕರೆ ಮಾಡಿದವನ ನಂಬರ್ ಯಂತ್ರದಲ್ಲಿ ದಾಖಲು. ಎಕ್ಸ್‌ಚೇಂಜ್ ಬದಲಾಯಿತು, ಇಲಾಖೆ ಬದಲಾಯಿತು, ನಾನೂ ನಿವೃತ್ತನಾದೆ. ಧಾರಾವಾಹಿಯ ಇನ್ಸ್‌ಪೆಕ್ಟರ್ ಮಾತ್ರ ಇನ್ನೂ ಸ್ಟ್ರೌಜರ್‌ನಲ್ಲೇ ಇದ್ದಾನೆ.

“ನಮ್ಮವರನ್ನೇ ಯಾಕೆ ಬಯ್ಯುತ್ತೀರಿ,” ಅಂದ ಮಲ್ಲ್ಯಾ. “ಅಮೆರಿಕದವರು ಎನ್‌ಸಿಐಎಸ್ ಅಂತ ಧಾರಾವಾಹಿ ಮಾಡಿದ್ದಾರಲ್ಲ, ಅದರ 2004ರ ಒಂದು ಕಂತಿನಲ್ಲಿ ಹ್ಯಾಕರ್‌ನನ್ನು ತಡೆಯಲು ಇಬ್ಬರು ಒಂದೇ ಕೀಬೋರ್ಡ್ ಮೇಲೆ ಟೈಪ್ ಮಾಡುತ್ತಾರೆ. ಎರಡು ತಲೆ, ನಾಲ್ಕು ಕೈ, ಒಂದು ಕೀಬೋರ್ಡ್. ಕೊನೆಗೆ ಸಾಹೇಬ ಬಂದು ಪ್ಲಗ್ ಕಿತ್ತು ಕತೆ ಮುಗಿಸುತ್ತಾನೆ.”

“ಜುಗಲ್‌ಬಂದಿ ಅನ್ನು,” ಅಂದರು ವಕೀಲರು. ಅವರು ಧಾರವಾಡದಲ್ಲಿ ಓದಿದವರು, ಬೈಠಕ್ ಕೇಳಿದ ಕಿವಿ. “ಆದರೆ ಜುಗಲ್‌ಬಂದಿಯಲ್ಲೂ ಇಬ್ಬರ ವಾದ್ಯ ಬೇರೆ ಬೇರೆ ಇರುತ್ತಾವಪಾ. ಒಂದೇ ಹಾರ್ಮೋನಿಯಂ ಇಬ್ಬರು ಬಾರಿಸಿದ್ದು ನಾನಂತೂ ಕೇಳಿಲ್ಲ.”

ಸಿಸಿಟಿವಿ ವಿಷಯ ಎತ್ತಿದವನು ಬಸಣ್ಣ. ಅವನ ಗಲ್ಲಾಪೆಟ್ಟಿಗೆ ಮೇಲೊಂದು ಕ್ಯಾಮೆರಾ ಇದೆ. ಹೋದ ವರ್ಷ ಯಾರೋ ಬೈಕಿನಲ್ಲಿ ಬಂದು ಅಂಗಡಿ ಮುಂದಿನ ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಹೋದರು. ಬಸಣ್ಣ ಧೈರ್ಯವಾಗಿದ್ದ. ಧಾರಾವಾಹಿಯಲ್ಲಿ ನೋಡಿದ್ದನಲ್ಲ, ‘ಝೂಮ್ ಮಾಡಿ’ ಅಂದರೆ ನಂಬರ್ ಪ್ಲೇಟ್ ಬರುತ್ತದೆ, ‘ಇನ್ನೂ ಝೂಮ್’ ಅಂದರೆ ಕಳ್ಳನ ಕನ್ನಡಕದಲ್ಲಿ ಅವನ ಜೊತೆಗಾರನ ಮುಖವೂ ಬರುತ್ತದೆ. ಮಲ್ಲ್ಯಾನನ್ನು ಕರೆಸಿ ಝೂಮ್ ಮಾಡಿಸಿದ. ಸಣ್ಣ ಮಸಿ ಚುಕ್ಕೆ ದೊಡ್ಡ ಮಸಿ ಚುಕ್ಕೆಯಾಯಿತು. ಇನ್ನೂ ಝೂಮ್ ಮಾಡಿಸಿದ. ‘ಕೆಎ 25’ ಇರಬೇಕಾದ ಜಾಗದಲ್ಲಿ ನಾಲ್ಕೈದು ಬೂದು ಚೌಕ ಕಂಡವು. ಕಳ್ಳನ ಮುಖ ಥೇಟ್ ಕರಿದ ಮಿರ್ಚಿ.

“ಅಣ್ಣಾ, ಒಳ್ಳೇ ಕ್ಯಾಮೆರಾದ ಚಿತ್ರದಲ್ಲೂ ಇರುವುದು ಹೆಚ್ಚು ಕಡಿಮೆ 20 ಲಕ್ಷ ಚುಕ್ಕೆ,” ಅಂತ ಮಲ್ಲ್ಯಾ ಆವತ್ತೂ ಹೇಳಿದ್ದ, ಇವತ್ತೂ ಹೇಳಿದ. “ಪ್ಲೇಟಿನ ಪಾಲಿಗೆ ಬಂದದ್ದು ಹತ್ತು ಚುಕ್ಕೆ. ಕ್ಯಾಮೆರಾ ನೋಡದೇ ಇದ್ದದ್ದನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು? ಒಂದು ಸೇರು ಚುರಮುರಿಯಲ್ಲಿ ಹತ್ತು ಪ್ಲೇಟ್ ಗಿರ್ಮಿಟ್ ಮಾಡು ಅಂದರೆ ಮಾಡುತ್ತೀಯೇನು?”

“ಮಾಡುತ್ತೇನೆ, ಉಳ್ಳಾಗಡ್ಡಿ ಜಾಸ್ತಿ ಹಾಕಿ,” ಅಂದ ಬಸಣ್ಣ.

ಸಿನಿಮಾದವರು ಯಾವತ್ತೂ ಸರಿಯಾಗಿ ತೋರಿಸೇ ಇಲ್ಲವೇನು ಅಂತ ಶಾಂತಕ್ಕ ಕೇಳಿದಳು. ಇದೆ, ಅಂದ ಮಲ್ಲ್ಯಾ. 1983ರಲ್ಲಿ ‘ವಾರ್‌ಗೇಮ್ಸ್’ ಅಂತ ಒಂದು ಸಿನಿಮಾ. ಅದರಲ್ಲಿ ಒಬ್ಬ ಹುಡುಗ ಕಂಪ್ಯೂಟರಿನಿಂದ ಒಂದಾದ ಮೇಲೊಂದು ಫೋನ್ ನಂಬರಿಗೆ ಕರೆ ಹಚ್ಚುತ್ತಾ ಹೋಗುತ್ತಾನೆ. ಯಾವ ನಂಬರಿನ ಆ ಕಡೆ ಇನ್ನೊಂದು ಕಂಪ್ಯೂಟರ್ ಇದೆ ಅಂತ ಹುಡುಕಲು. ಅದು ಖರೇನೇ ಆಗುವ ಕೆಲಸ. ಅಮೆರಿಕದ ಅಧ್ಯಕ್ಷ ರೇಗನ್ ಆ ಸಿನಿಮಾ ನೋಡಿ, ಹೀಗೆಲ್ಲಾ ಆಗಬಹುದೇನು ಅಂತ ತಮ್ಮ ಸೇನೆಯವರನ್ನು ಕೇಳಿದರು. ಆಗಬಹುದು ಅಂತ ಉತ್ತರ ಬಂತು. ಮರುವರ್ಷವೇ ಕಂಪ್ಯೂಟರ್ ಭದ್ರತೆಗೆ ಸರ್ಕಾರಿ ಆದೇಶ ಹೊರಟಿತು. ನನಗಂತೂ ಇದು ಕೇಳಿ ಎದೆ ಉಬ್ಬಿತು. ಎಷ್ಟಂದರೂ ಟೆಲಿಫೋನಿನಿಂದ ಆದದ್ದು ಅಲ್ವಾ.

“ಹಾಗಾದರೆ ನಮ್ಮ ಧಾರಾವಾಹಿಯವರಿಗೆ ಏನು ಧಾಡಿ?” ಅಂದರು ವಕೀಲರು.

“ಪಾಪ, ಅವರು ಏನು ತೋರಿಸಬೇಕು ಹೇಳ್ರಿ,” ಮಲ್ಲ್ಯಾ ಏಕದಂ ಅವರ ಪಕ್ಷಕ್ಕೆ ಹಾರಿದ. “ನನ್ನ ಅಂಗಡಿಯಲ್ಲಿ ಕ್ಯಾಮೆರಾ ಇಟ್ಟರೆ ಏನು ಕಾಣುತ್ತದೆ? ಅಪ್‌ಡೇಟ್ ಪಟ್ಟಿ ನೂರರಲ್ಲಿ 37ಕ್ಕೆ ಬಂತು. ಚಹಾ ಕುಡಿದು ಬಂದೆ. 38 ಆಯಿತು. ಧಾರಾವಾಹಿಯಲ್ಲಿ ಅದೇ ಪಟ್ಟಿ ಅತ್ತೆಯ ಗೆಜ್ಜೆ ಸಪ್ಪಳ ಕೇಳಿದ ಕೂಡಲೇ 99ಕ್ಕೆ ನಿಲ್ಲುತ್ತದೆ. ನನ್ನದು ಸುಮ್ ಸುಮ್ನೆ ನಿಲ್ಲುತ್ತದೆ. ಇನ್ನು ಖರೇ ಕಳ್ಳರದ್ದು ತೋರಿಸಿದರಂತೂ ನೋಡುವ ಹಾಗೇ ಇಲ್ಲ. ವಾಟ್ಸಾಪ್‌ನಲ್ಲಿ ಮದುವೆ ಕಾರ್ಡ್ ಅಂತ ಒಂದು ಎಪಿಕೆ ಫೈಲು, ಅಂದರೆ ಫೋನಿನೊಳಗೆ ಆ್ಯಪ್ ಕೂರಿಸುವ ಫೈಲು, ಕಳಿಸುತ್ತಾರೆ. ಯಾರ ಮದುವೆಯೋ ನೋಡೋಣ ಅಂತ ನಾವೇ ಒತ್ತುತ್ತೇವೆ. ಒಳಗೆ ಬಿಡಲೇ ಅಂತ ಫೋನ್ ಕೇಳುತ್ತದೆ. ಬಿಡು ಅನ್ನುತ್ತೇವೆ. ಆಮೇಲೆ ಬರುವ ಒಟಿಪಿ ಎಲ್ಲಾ ಅವರ ಕಡೆಗೆ. ಫೈರ್‌ವಾಲ್ ಒಡೆಯುವ ತ್ರಾಸು ಯಾರಿಗೆ ಬೇಕು, ಬಾಗಿಲು ತೆಗೆದು ಹೂವಿನ ಹಾರ ಹಾಕುವವರು ನಾವಿದ್ದಾಗ?”

ಶಾಂತಕ್ಕ ಪಾರ್ಸಲ್ ಚೀಲದ ಕಿವಿ ಗಂಟು ಹಾಕುತ್ತಾ ಒಂದು ವಿಷಯ ಹೇಳಿದಳು. ಅವಳ ಜೊತೆಯ ಒಬ್ಬ ಸಿಸ್ಟರ್‌ಳ ತಂದೆಗೆ ವಿಡಿಯೊ ಕರೆ ಬಂದಿತ್ತಂತೆ, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಅಂತ. ಓದಿದ ಮನುಷ್ಯ. ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಸ್ನಾನಕ್ಕೆ ಹೋಗಲೂ ಫೋನಿನ ಅಪ್ಪಣೆ ಕೇಳುತ್ತಿದ್ದರು. ಮೂರನೇ ದಿನ ಮಗಳು ಗುರುತಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚುವಷ್ಟರಲ್ಲಿ ಒಂದಿಷ್ಟು ದುಡ್ಡು ಹೋಗಿಯೇ ಹೋಗಿತ್ತು.

“ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ!” ವಕೀಲರು ಬೆಂಚು ಗುದ್ದಿದರು. “ಹೇಗೆ ನಂಬಿದರು ಅಂತೀನಿ?”

“ಅವರಿಗೂ ಮೊದಲು ಸಂಶಯ ಇತ್ತಂತೆ ವಕೀಲರೇ. ಆದರೆ ವಿಡಿಯೊದಲ್ಲಿ ಕರಿ ಕೋಟಿನ ಜಡ್ಜ್ ಒಬ್ಬ ಬಂದು ಕಟ್ಟಿಗೆ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದನಂತೆ. ಅದನ್ನು ನೋಡಿದ ಮೇಲೆ ಇದು ಖರೇ ಕೋರ್ಟೇ ಅಂತ ನಂಬಿದರಂತೆ.”

ವಕೀಲರ ಬಾಯಿಂದ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಚುಂಯ್ ಅನ್ನುವುದೊಂದೇ ಕೇಳುತ್ತಿತ್ತು.

ಮಾತು ತಿರುಗಿಸಲು ನಾನು ಮಲ್ಲ್ಯಾನನ್ನು ಕೆಣಕಿದೆ. ನಿನ್ನ ಫೋನ್ ಯಾರಾದರೂ ತೆಗೆಯಬಹುದೇನೋ ಅಂದೆ. ಅವನು ಎದೆ ಸೆಟೆಸಿದ. ಮಿರ್ಚಿ ಕೈಯಲ್ಲೇ ಫೋನ್ ತೆಗೆದು, ಒಂಬತ್ತು ಚುಕ್ಕೆ ಮೇಲೆ ಸರ್ ಅಂತ ಬೆರಳು ಎಳೆದು ತೋರಿಸಿದ. “ಈ ಪ್ಯಾಟರ್ನ್ ಬೀಗಕ್ಕೆ 3,89,112 ನಮೂನೆ ಇವೆ ಕಾಕಾ. ಇವತ್ತು ಶುರು ಮಾಡಿದರೆ ಮುಂದಿನ ಸಿದ್ಧಾರೂಢರ ಜಾತ್ರೆಗೂ ಮುಗಿಯುವುದಿಲ್ಲ.” ಹಾಗಂದು ಫೋನನ್ನು ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹಿಂದೆ ಹೋದ.

ಪ್ಲೇಟು ಎತ್ತಲು ಬಂದ ಬಸಣ್ಣನ ಮಗ ಅದನ್ನು ಕೇಳಿಸಿಕೊಂಡಿದ್ದ. ಆರನೇ ಈಯತ್ತೆ ಹುಡುಗ. ಫೋನ್ ಎತ್ತಿಕೊಂಡ. ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿದ. ಕರಿ ಗಾಜಿನ ಮೇಲೆ ಮಿರ್ಚಿ ಎಣ್ಣೆ ಪಳಪಳ ಹೊಳೆಯುತ್ತಿತ್ತು: ಮೇಲಿಂದ ಕೆಳಗೆ, ಕೆಳಗಿಂದ ಬಲಕ್ಕೆ, ತುದಿಯಲ್ಲೊಂದು ಕಡಲೆಹಿಟ್ಟಿನ ಕಣ. ಅದರ ಮೇಲೆ ಬೆರಳು ಆಡಿಸಿದ. ತೆಗೆಯಿತು.

ಕೈ ಒರೆಸಿಕೊಳ್ಳುತ್ತಾ ಬಂದ ಮಲ್ಲ್ಯಾ ನೋಡಿದಾಗ ಹುಡುಗ ಆಗಲೇ ಗೇಮ್ ಹುಡುಕುತ್ತಿದ್ದ.

“ಇದು ಗೊತ್ತಿರುವ ವಿಷಯಾನೇ ರೀ,” ಅಂದ ಮಲ್ಲ್ಯಾ, ಮುಖ ಸಣ್ಣದು ಮಾಡಿಕೊಂಡು. “2010ರಲ್ಲೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದರ ಮೇಲೆ ಪ್ರಬಂಧ ಬರೆದಿದ್ದಾರೆ. ಬೆರಳಿನ ಜಿಡ್ಡು ನೋಡಿ ಪ್ಯಾಟರ್ನ್ ಹಿಡಿಯಬಹುದು ಅಂತ.”

“ಅಲ್ಲೆಲ್ಲಿ ಸಿಕ್ಕಿತೋ ಅವರಿಗೆ ಮಿರ್ಚಿ?” ಅಂದರು ವಕೀಲರು.

ಟಿವಿಯಲ್ಲಿ ಮೈದುನ ಮತ್ತೆ ಟಕಟಕ ಶುರು ಮಾಡಿದ್ದ. ಪಟ್ಟಿ 99ಕ್ಕೆ ನಿಂತಿತ್ತು, ಅತ್ತೆಯ ಗೆಜ್ಜೆ ಸಪ್ಪಳ ಬಾಗಿಲ ಹತ್ತಿರ ಬಂದಿತ್ತು. ಬಸಣ್ಣನ ಹೆಂಡತಿ ಸೌಂಡ್ ಜಾಸ್ತಿ ಮಾಡಿದಳು. ಮಲ್ಲ್ಯಾ ಫೋನನ್ನು ಅಂಗಿಗೆ ಗಸಗಸ ತಿಕ್ಕಿ ಒರೆಸಿದ, ಹೊಸ ಪ್ಯಾಟರ್ನ್ ಹಾಕಲು ನಮಗೆ ಬೆನ್ನು ತಿರುಗಿಸಿ ಕೂತ. ಎಡಗೈಯಲ್ಲಿ ಆಗಲೇ ಇನ್ನೊಂದು ಮಿರ್ಚಿ ಇತ್ತು.