ಸಹಾಯ ಬೇಕು: ರೈಫಲಿನ ನಳಿಗೆ 20 ಇಂಚೋ, 24 ಇಂಚೋ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಕಡೆಯ ಅಡಿಕೆ ಕೃಷಿಕ ನಾನು. ಕಳೆದ ವಾರ ಒಂದೇ ರಾತ್ರಿ ಹಂದಿಗಳು ನಲವತ್ತು ಅಡಿಕೆ ಸಸಿಗಳನ್ನು ಬುಡಮೇಲು ಮಾಡಿದವು. ಎಳೆಯ ತಿರುಳನ್ನಷ್ಟೇ ಜಗಿದು ಉಳಿದದ್ದನ್ನು ಕೆಸರಿನಲ್ಲಿ ಬಿಟ್ಟು ಹೋಗಿದ್ದವು. ನೋಡಿ ಹೊಟ್ಟೆ ಉರಿಯಿತು.

ಕೇರಳದಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರೇ ಪರವಾನಗಿ ಇರುವ ಕೋವಿದಾರರಿಗೆ ಹಂದಿ ಕೊಲ್ಲಲು ಅನುಮತಿ ಕೊಡಬಹುದು. ಆ ಪಟ್ಟಿಯಲ್ಲಿ ನನ್ನ ಹೆಸರಿದೆ. ಬೇರೆ ಯಾವ ಬೇಟೆಯೂ ನನಗೆ ಬೇಡ.

ಅಪ್ಪನ ಜೋಡುನಳಿಗೆ ಕೋವಿಯ ಜೊತೆಗೆ .30-06 (ಇದು ಗುಂಡಿನ ಅಳತೆಯ ಹೆಸರು) ರೈಫಲೊಂದನ್ನು ಕೊಳ್ಳಬೇಕೆಂದಿದ್ದೇನೆ. 300 ಮೀಟರ್ ಗುರಿ ಅಭ್ಯಾಸಕ್ಕೂ ಅದೇ ಆಗಬೇಕು. ತೊಡಕು ಇಲ್ಲೇ. ತೋಟದಲ್ಲಿ ಹಂದಿ ಕಾಣಿಸುವುದೇ 40 ಮೀಟರಿನೊಳಗೆ. ಕಂಗಿನ ಸಾಲುಗಳ ನಡುವೆ ಉದ್ದ ನಳಿಗೆಯನ್ನು ತಿರುಗಿಸುವಷ್ಟರಲ್ಲಿ ತುದಿ ಮರಕ್ಕೆ ಬಡಿಯುತ್ತದೆ. ಗಿಡ್ಡವಾದರೆ ಒಂದೊಂದು ಇಂಚಿಗೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20ರಿಂದ 30 ಅಡಿಯಷ್ಟು ಇಳಿಯುತ್ತದೆ, ಸದ್ದೂ ಬೆಂಕಿಯೂ ಹೆಚ್ಚು. ಆದರೆ ಉದ್ದವಿದ್ದರೆ ಗುರಿ ತಪ್ಪುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಪ್ಪ ಒಂದೇ ಆಗಿದ್ದರೆ ಗಿಡ್ಡ ನಳಿಗೆಯೇ ಹೆಚ್ಚು ಬಿಗಿ, ಕಂಪನ ಕಡಿಮೆ. ಉದ್ದ ನಳಿಗೆಯಲ್ಲಿ ಗುರಿ ನೋಡುವ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವೆ ಹೆಚ್ಚು ಅಂತರ ಸಿಗುವ ಲಾಭವೂ, ದುರ್ಬೀನು ಹಾಕುವುದರಿಂದ, ಲೆಕ್ಕಕ್ಕಿಲ್ಲ.

ಹಾಗಾಗಿ ಮನಸ್ಸು 22 ಇಂಚಿನತ್ತ ವಾಲಿದೆ. ಎರಡೂ ಕೆಲಸಕ್ಕೆ ಅದನ್ನು ಬಳಸಿದವರಿದ್ದರೆ ದಯವಿಟ್ಟು ಹೇಳಿ: 300 ಮೀಟರಿನಲ್ಲಿ ಐದು ಗುಂಡುಗಳು ಎಷ್ಟು ಅಗಲದೊಳಗೆ ಬೀಳುತ್ತವೆ? ಹೆಗಲಿಗೆ ಹಾಕಿ ಗುಡ್ಡ ಹತ್ತುವಾಗ ಭಾರ ಹೇಗನ್ನಿಸುತ್ತದೆ?